ಹೊಸ ತಳಿ ಬಂತು ಅಂದ್ರೆ ಹಳೇ ಲಸಿಕೆ ದಂಡಾನಾ? ಮೈಕ್ರೋಬಯಾಲಜಿ ಡಾಕ್ಟರ್ ಹತ್ರ ಕೇಳಿದ್ದು

ಪ್ರಶ್ನೆ: ನಮಸ್ಕಾರ ಮೇಡಂ. ಗ್ರೂಪಲ್ಲಿ ನೀವು ವೈರಸ್ ಲ್ಯಾಬಲ್ಲಿ ಕೆಲಸ ಮಾಡಿರೋರು ಅಂತ ಕೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಕೊರೊನಾ ಲಸಿಕೆ ಶುರುವಲ್ಲಿ 95 ಪರ್ಸೆಂಟ್ ಅಂದ್ರು, ಡೆಲ್ಟಾ ಬಂದಾಗ ಸ್ವಲ್ಪ ಕಮ್ಮಿ ಅಂದ್ರು, ಒಮಿಕ್ರಾನ್ ಬಂದ್ಮೇಲೆ ಹತ್ತು ಪರ್ಸೆಂಟೂ ಇಲ್ಲ ಅಂತ ಒಬ್ರು, ಇಲ್ಲ ಈಗ್ಲೂ ಜೀವ ಉಳಿಸ್ತಿದೆ ಅಂತ ಇನ್ನೊಬ್ರು, ಇಬ್ರೂ ಸ್ಟಡಿ ತೋರಿಸ್ತಾರೆ. ಯಾರು ಸುಳ್ಳು ಹೇಳ್ತಿರೋದು? ನನಗೆ 44, ಮೂರು ಡೋಸ್ ಆಗಿದೆ, ಎರಡು ಸಲ ಕೊರೊನಾ ಬಂದು ಹೋಗಿದೆ. ಅಪ್ಪನಿಗೆ 76, ಶುಗರ್ ಇದೆ.

ಡಾಕ್ಟರ್: ಇಬ್ರೂ ಸುಳ್ಳು ಹೇಳ್ತಿಲ್ಲ ಸರ್, ಒಂದೇ ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆ ಸಾಲು ಓದ್ತಿದಾರೆ ಅಷ್ಟೇ. ಹತ್ತು ಪರ್ಸೆಂಟೂ ಇಲ್ಲ ಅನ್ನೋದು ಬ್ರಿಟನ್ನಿನ ಲೆಕ್ಕ, ಫೈಜರ್ ಎರಡು ಡೋಸ್ ಆಗಿ 25 ವಾರ ದಾಟಿದವ್ರಿಗೆ ಒಮಿಕ್ರಾನಿಂದ ಲಕ್ಷಣ ಇರೋ ಕಾಯಿಲೆ ಬರೋದರ ವಿರುದ್ಧ ಉಳಿದಿದ್ದು 8.8 ಪರ್ಸೆಂಟ್. ಅದೇ ಎರಡನೇ ಡೋಸ್ ಆಗಿ ಎರಡರಿಂದ ನಾಲ್ಕು ವಾರ ಅಷ್ಟೇ ಆದವ್ರಿಗೆ ಅದು 65.5 ಇತ್ತು. ಅದೇ ಚಳಿಗಾಲದಲ್ಲಿ ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆ, ಮೂರನೇ ಡೋಸ್ ಆದವ್ರು ಆಸ್ಪತ್ರೆ ಸೇರೋದು ಎಷ್ಟು ತಪ್ಪುತ್ತೆ ಅಂತ ಹಾಕಿದ ಲೆಕ್ಕ 88 ಪರ್ಸೆಂಟ್. ಈಗ ನಿಮಗೆ ಬೇಕಾದ ವಾದಕ್ಕೆ ಬೇಕಾದ ನಂಬರ್ ಎತ್ಕೋಬೋದು, 8.8 ಅಂದ್ರೂ ನಿಜ, 88 ಅಂದ್ರೂ ನಿಜ. ಅದಕ್ಕೇ ನಾನು "ಲಸಿಕೆ ವರ್ಕ್ ಆಗುತ್ತಾ" ಅಂತ ಯಾರಾದ್ರೂ ಕೇಳಿದ್ರೆ ಯಾವುದನ್ನ ತಡೆಯೋಕೆ, ಡೋಸ್ ಆಗಿ ಎಷ್ಟು ದಿನಕ್ಕೆ, ಯಾರಿಗೆ ಅಂತ ವಾಪಸ್ ಕೇಳ್ತೀನಿ, ಜನಕ್ಕೆ ಸಿಟ್ಟು ಬರುತ್ತೆ, ಆದ್ರೆ ಅದನ್ನ ಬಿಟ್ಟು ಉತ್ತರ ಹೇಳೋಕೆ ನಂಗೆ ಬರಲ್ಲ.

95ರ ಕಥೆ ಕೇಳಿ. 2020ರ ಡಿಸೆಂಬರಲ್ಲಿ ಬಂದ ಫೈಜರ್ ಟ್ರಯಲ್, ಸುಮಾರು 43 ಸಾವಿರ ಜನ, ಅರ್ಧ ಜನಕ್ಕೆ ಲಸಿಕೆ ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಲಕ್ಷಣ ಬಂದು ಟೆಸ್ಟಲ್ಲಿ ಪಾಸಿಟಿವ್ ಆದವ್ರು ಉಪ್ಪುನೀರಿನವ್ರಲ್ಲಿ 162, ಲಸಿಕೆಯವ್ರಲ್ಲಿ 8. ಅಂದ್ರೆ ನೂರು ಜನಕ್ಕೆ ಬರ್ಬೇಕಾದ ಕಡೆ ಐದು ಜನಕ್ಕೆ ಬಂತು, ಅದೇ 95. ಆದ್ರೆ ಲೆಕ್ಕ ಹಾಕಿದ್ದು ಲಕ್ಷಣ ಬಂದವ್ರನ್ನ ಮಾತ್ರ, ಸುಮ್ನೆ ಮೂಗಲ್ಲಿ ವೈರಸ್ ಇಟ್ಕೊಂಡು ಓಡಾಡ್ತಿದ್ದವ್ರು ಆ ನಂಬರಿನೊಳಗೆ ಬರಲ್ಲ. ನೋಡಿದ್ದು ಎರಡನೇ ಡೋಸ್ ಆದ ಸರಾಸರಿ ಎರಡು ತಿಂಗಳು, ಆಗ ಒಮಿಕ್ರಾನ್ ಹುಟ್ಟೇ ಇರಲಿಲ್ಲ. ಪರೀಕ್ಷೆಗೆ ಹಿಂದಿನ ದಿನ ಓದಿದ ಹುಡುಗನ ಮಾರ್ಕ್ಸ್ ನೋಡಿ ವರ್ಷ ಪೂರ್ತಿ ನೆನಪಿರುತ್ತೆ ಅಂತ ನಾವೇ ಅಂದ್ಕೊಂಡ್ವಿ.

ಪ್ರಶ್ನೆ: ಸರಿ ಮೇಡಂ, ಆದ್ರೆ ತಳಿ ಬದಲಾದ್ರೆ ಸೋಂಕು ತಡೆಯೋದು ಕುಸಿಯುತ್ತೆ, ಆಸ್ಪತ್ರೆ ಸೇರೋದನ್ನ ತಡೆಯೋದು ಮಾತ್ರ ಹಂಗೇ ಉಳಿಯುತ್ತೆ ಅನ್ನೋದು ಹೇಗೆ? ನಂಗೆ ಅದೇ ಅರ್ಥ ಆಗ್ತಿಲ್ಲ, ಅನುಕೂಲಕ್ಕೆ ತಕ್ಕ ವಿವರಣೆ ಥರ ಅನ್ಸುತ್ತೆ.

ಡಾಕ್ಟರ್: ಅನುಮಾನ ಸರಿಯಾಗೇ ಇದೆ, ಇದಕ್ಕೆ ಸ್ವಲ್ಪ ಉದ್ದ ಬರೀತೀನಿ. ವೈರಸ್ ಮೈಮೇಲಿನ ಸ್ಪೈಕ್ ಪ್ರೋಟೀನ್ ಇದ್ಯಲ್ಲ, ಅದು 1273 ಅಮೈನೋ ಆಮ್ಲದ ಸರಪಳಿ. ಒಮಿಕ್ರಾನ್ ಅದರಲ್ಲಿ ಬದಲಾಯಿಸಿದ್ದು ಮೂವತ್ತು ಚಿಲ್ಲರೆ ಜಾಗ. ಕೇಳೋಕೆ ಕಮ್ಮಿ, ಆದ್ರೆ ಅರ್ಧದಷ್ಟು ಬದಲಾವಣೆ ಆಗಿರೋದು ನಮ್ಮ ಜೀವಕೋಶಕ್ಕೆ ಅಂಟೋ ಜಾಗದಲ್ಲೇ, ಒಳ್ಳೊಳ್ಳೆ ಆಂಟಿಬಾಡಿಗಳು ಬಂದು ಕೂರೋದೂ ಅಲ್ಲೇ. ಆಂಟಿಬಾಡಿ ನೋಡೋದು ಆಕಾರವನ್ನ. ಹೊಲಿದ ಅಂಗಿಯ ಕಾಲರ್, ಜೇಬು ಬದಲಾಯಿಸಿದ್ರೆ ದೂರದಿಂದ ಬೇರೆ ಅಂಗಿ ಥರಾನೇ ಕಾಣುತ್ತೆ. ಸೋಂಕಾದ ಜೀವಕೋಶಗಳನ್ನ ಹುಡುಕಿ ಕೊಲ್ಲೋ ಟಿ ಸೆಲ್ ಅಂತ ಇನ್ನೊಂದು ಪಡೆ ಇದೆ, ಅದು ಹಾಗಲ್ಲ, ಸೋಂಕಾದ ಜೀವಕೋಶ ವೈರಸ್ ಪ್ರೋಟೀನನ್ನ ಒಂಬತ್ತು ಹತ್ತು ಅಮೈನೋ ಆಮ್ಲದ ಚೂರುಚೂರು ಮಾಡಿ ಹೊರಗೆ ತೋರಿಸುತ್ತೆ, ಟಿ ಸೆಲ್ ನೋಡೋದು ಆ ಚಿಂದಿಯನ್ನ. ಕಾಲರ್ ಬದಲಾದ್ರೂ ಚಿಂದಿ ಮಾಡಿ ಹರಡಿದ್ರೆ ಬಹುಪಾಲು ಅದೇ ಬಟ್ಟೆ. ಹಾಗಾಗಿ ಬಾಗಿಲಲ್ಲಿ ತಡೆಯೋರು ಮೋಸ ಹೋದ್ರೂ ಒಳಗೆ ನುಗ್ಗಿದ ಮೇಲೆ ಹಿಡಿಯೋರು ಇರ್ತಾರೆ. ಟಿ ಸೆಲ್ಲಿಗೆ ಸೋಂಕು ಆಗೋದನ್ನೇ ತಡೆಯೋಕೆ ಆಗಲ್ಲ, ಜೀವಕೋಶ ಕೆಟ್ಟ ಮೇಲೇ ಅದರ ಕೆಲಸ ಶುರು.

ಇನ್ನೊಂದು ಟೈಮಿಂದು, ಇದನ್ನ ಯಾರೂ ಹೇಳೋದೇ ಇಲ್ಲ. ದಡಾರ ಮೈಗೆ ಸೇರಿ ಲಕ್ಷಣ ಕಾಣೋಕೆ ಹತ್ತು ಹನ್ನೆರಡು ದಿನ ಬೇಕು, ಅಷ್ಟರಲ್ಲಿ ಲಸಿಕೆ ಕಲಿಸಿದ್ದನ್ನ ನೆನಪಿಟ್ಕೊಂಡಿರೋ ಜೀವಕೋಶಗಳು ಎದ್ದು ಆಂಟಿಬಾಡಿ ತಯಾರು ಮಾಡ್ಕೊಂಡು ಕೂತಿರ್ತವೆ. ಒಮಿಕ್ರಾನಿಗೆ ಮೂರು ದಿನ ಸಾಕು. ನೆನಪು ಏಳೋಷ್ಟರಲ್ಲಿ ನಿಮಗೆ ನೆಗಡಿ, ಜ್ವರ ಆಗಿರುತ್ತೆ, ಆದ್ರೆ ಶ್ವಾಸಕೋಶ ಹಾಳಾಗೋಕೆ ಒಂದು ವಾರ ಹತ್ತು ದಿನ ಬೇಕಲ್ಲ, ಆ ರೇಸಲ್ಲಿ ನೆನಪು ಗೆಲ್ಲುತ್ತೆ. ತೋಳಿಗೆ ಚುಚ್ಚೋ ಲಸಿಕೆ ರಕ್ತದಲ್ಲಿ ಆಂಟಿಬಾಡಿ ತುಂಬಿಸುತ್ತೆ, ಮೂಗಿನ ಒಳಪೊರೆಯಲ್ಲಿ ಕಮ್ಮಿ, ಅದೂ ಒಂದು ಕಾರಣ.

ಇನ್ನೊಬ್ಬ ಸದಸ್ಯರು: ಒಮಿಕ್ರಾನ್ ಎದುರು "ಆಂಟಿಬಾಡಿ 40 ಪಟ್ಟು ಕುಸಿತ" ಅಂತ ಬಂದಿದ್ದು ನೆನಪಿದೆ ಮೇಡಂ, 40 ಪಟ್ಟು ಅಂದ್ರೆ ಉಳಿದಿದ್ದೇನು?

ಡಾಕ್ಟರ್: 2021ರ ಡಿಸೆಂಬರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ಲ್ಯಾಬಿಂದ ಬಂದ ಮೊದಲ ವರದಿ ಅದು, ಕೆಲವೇ ಜನರ ರಕ್ತ ನೋಡಿದ್ದು. ಆ ಟೆಸ್ಟ್ ನಾನೂ ಮಾಡಿದೀನಿ, ಸೀರಮ್ಮನ್ನ, ಅಂದ್ರೆ ರಕ್ತದ ಮೇಲಿನ ತಿಳಿಯನ್ನ, ದುಪ್ಪಟ್ಟು ದುಪ್ಪಟ್ಟು ತೆಳು ಮಾಡ್ತಾ ಹೋಗೋದು, ಎಷ್ಟು ತೆಳು ಆದ್ರೂ ವೈರಸ್ ಜೀವಕೋಶಕ್ಕೆ ನುಗ್ಗದ ಹಾಗೆ ತಡೆಯುತ್ತೆ ಅಂತ ನೋಡೋದು, ಬೆನ್ನು ಹಿಡ್ಕೊಳ್ಳೋ ಕೆಲಸ. ಅದರಲ್ಲಿ 40 ಪಟ್ಟು ಕಮ್ಮಿ ಅಂದ್ರೆ ರಕ್ಷಣೆ 40 ಪಟ್ಟು ಕಮ್ಮಿ ಅಂತಲ್ಲ, ಎರಡರ ಸಂಬಂಧ ಗೆರೆ ಎಳೆದ ಹಾಗೆ ನೇರ ಇಲ್ಲ. ಮೇಲಾಗಿ ಆ ಟೆಸ್ಟ್ ಮಾಡೋ ಪ್ಲೇಟಲ್ಲಿ ಟಿ ಸೆಲ್ಲೇ ಇರಲ್ಲ.

ಮತ್ತೊಬ್ಬರು: ಕ್ಷಮಿಸಿ ಡಾಕ್ಟ್ರೇ, ಇದೆಲ್ಲ ಈಗ ಹೇಳ್ತಿದೀರಿ. ಮೊದಲು ತಗೊಂಡ್ರೆ ಬರೋದೇ ಇಲ್ಲ ಅಂದ್ರು, ಆಮೇಲೆ ಬರುತ್ತೆ ಆದ್ರೆ ಹರಡಲ್ಲ ಅಂದ್ರು, ಆಮೇಲೆ ಹರಡುತ್ತೆ ಆದ್ರೆ ಸಾಯಲ್ಲ. ಆಸ್ಪತ್ರೇಲಿ ಇರೋರಲ್ಲಿ ಹೆಚ್ಚಿನವ್ರು ಲಸಿಕೆ ಹಾಕಿಸ್ಕೊಂಡವ್ರೇ ಅಂತ ಸರ್ಕಾರದ ಅಂಕಿಅಂಶಾನೇ ಹೇಳ್ತಿತ್ತು. ಲಸಿಕೆಯಿಂದಾನೇ ಹೊಸ ತಳಿ ಹುಟ್ಟಿದ್ದು ಅಂತ್ಲೂ ಓದಿದೀನಿ.

ಡಾಕ್ಟರ್: ಮೊದಲನೇ ಮಾತಿಗೆ ನಾನು ವಾದ ಮಾಡಲ್ಲ, ನಿಮ್ಮ ಸಿಟ್ಟು ನ್ಯಾಯವಾಗಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮೇ 13ಕ್ಕೆ ಪೂರ್ತಿ ಲಸಿಕೆ ಆದವ್ರಿಗೆ ಒಳಾಂಗಣದಲ್ಲೂ ಮಾಸ್ಕ್ ಬೇಡ ಅಂತು, ಜುಲೈ 27ಕ್ಕೆ ಡೆಲ್ಟಾ ಹೆಚ್ಚಿರೋ ಕಡೆ ಮತ್ತೆ ಹಾಕಿ ಅಂತು. ಎರಡೂವರೆ ತಿಂಗಳು! ಮಧ್ಯದಲ್ಲಿ ಮ್ಯಾಸಚೂಸೆಟ್ಸಲ್ಲಿ ಒಂದು ರಜೆಯ ಊರಿನ ಗುಂಪುಗೂಡುವಿಕೆಯಿಂದ 469 ಕೇಸ್ ಬಂದಿತ್ತು, ಅದರಲ್ಲಿ 74 ಪರ್ಸೆಂಟ್ ಜನ ಪೂರ್ತಿ ಲಸಿಕೆ ಆದವ್ರು. "ಈ ತಳಿಗೆ ಇವತ್ತಿನವರೆಗೆ ಗೊತ್ತಿರೋದು ಇಷ್ಟು" ಅನ್ನೋ ಒಂದು ವಾಕ್ಯ ಮೊದಲೇ ಸೇರಿಸಿದ್ರೆ ಅರ್ಧ ಜಗಳ ಇರ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮವ್ರು ಜನ ಹೆದರಿ ಹಿಂದೆ ಸರೀತಾರೆ ಅಂತ ಅದನ್ನ ನುಂಗ್ಕೊಂಡ್ರು.

ಆದ್ರೆ ಎರಡನೇದು ಲೆಕ್ಕದ ಮೋಸ. ಪೇಪರ್ ತಗೊಳ್ಳಿ. ಸಾವಿರ ಜನ ವಯಸ್ಸಾದವ್ರು, 900 ಜನಕ್ಕೆ ಲಸಿಕೆ ಆಗಿದೆ, 100 ಜನಕ್ಕೆ ಇಲ್ಲ. ಲಸಿಕೆ ಇಲ್ಲದವ್ರಲ್ಲಿ ನೂರಕ್ಕೆ ಹತ್ತು ಜನ ಆಸ್ಪತ್ರೆ ಸೇರ್ತಾರೆ ಅಂದ್ಕೊಳ್ಳಿ, ಲಸಿಕೆ ಆದವ್ರಲ್ಲಿ ನೂರಕ್ಕೆ ಎರಡೇ. ಈಗ ವಾರ್ಡಲ್ಲಿ ಎಣಿಸಿ, ಇಲ್ಲದವ್ರು 10, ಆದವ್ರು 18. ಅಪಾಯ ಐದರಲ್ಲಿ ಒಂದು ಭಾಗಕ್ಕೆ ಇಳಿದಿದೆ, ಆದ್ರೂ ಬೆಡ್ ಮೇಲೆ ಜಾಸ್ತಿ ಇರೋರು ಲಸಿಕೆಯವ್ರೇ. ಊರಿಗೆ ಊರೇ ಲಸಿಕೆ ಹಾಕಿಸ್ಕೊಂಡ್ರೆ ವಾರ್ಡಲ್ಲಿ ನೂರಕ್ಕೆ ನೂರೂ ಅವ್ರೇ ಇರ್ತಾರೆ, ಇನ್ಯಾರಿರ್ತಾರೆ?

ಮೂರನೇದಕ್ಕೆ ತಾರೀಕು ನೋಡಿದ್ರೆ ಸಾಕು. ಬೀಟಾದ ಮೊದಲ ಸ್ಯಾಂಪಲ್ 2020ರ ಮೇ, ಆಲ್ಫಾ ಅದೇ ವರ್ಷದ ಸೆಪ್ಟೆಂಬರ್, ಡೆಲ್ಟಾ ಅಕ್ಟೋಬರ್. ಜನಸಾಮಾನ್ಯರಿಗೆ ಫೈಜರ್ ಲಸಿಕೆ ಹಾಕೋಕೆ ಶುರುವಾಗಿದ್ದು ಡಿಸೆಂಬರ್. ಮಗು ಹುಟ್ಟಿದ ಮೇಲೆ ಮದುವೆ ಆದವ್ರನ್ನ ಅಪ್ಪ ಅನ್ನೋ ಹಾಗಾಯ್ತು. ಹಾಂ, ಜನರಲ್ಲಿ ಇಮ್ಯೂನಿಟಿ ಹೆಚ್ಚಾದಂತೆ ಅದನ್ನ ತಪ್ಪಿಸ್ಕೊಳ್ಳೋ ರೂಪಗಳು ಗೆಲ್ತವೆ ಅನ್ನೋದು ನಿಜ, ಆದ್ರೆ ಸೋಂಕಿನಿಂದ ಬಂದ ಇಮ್ಯೂನಿಟಿಯಿಂದಾನೂ ವೈರಸ್ ಹಂಗೇ ತಪ್ಪಿಸ್ಕೊಳ್ಳುತ್ತೆ. ಕತಾರಿನ ಅಧ್ಯಯನದಲ್ಲಿ ಒಂದು ಸಲ ಸೋಂಕಾಗಿದ್ದವ್ರಿಗೆ ಡೆಲ್ಟಾ ಮತ್ತೆ ಬರೋದರ ವಿರುದ್ಧ 92 ಪರ್ಸೆಂಟ್ ರಕ್ಷಣೆ ಇತ್ತು, ಒಮಿಕ್ರಾನಿಗೆ 56ಕ್ಕೆ ಬಿತ್ತು. ಪ್ರಶ್ನೆ ಕೇಳಿದ ಸರ್ ಗೆ ಎರಡನೇ ಸಲ ಬಂದಿದ್ದೂ ಹಂಗೇ ಇರ್ಬೇಕು.

ಮತ್ತೊಬ್ಬರು: ಬೆಡ್ ಲೆಕ್ಕ ಒಪ್ಕೊಂಡೆ. ಮಾತು ತಿರುಗಿಸಿದ್ದನ್ನ ಮಾತ್ರ ಮರೆಯಲ್ಲ.

ಡಾಕ್ಟರ್: ಮರೀಬೇಡಿ 🙂

ಪ್ರಶ್ನೆ: ಹಾಗಾದ್ರೆ ಹೊಸ ತಳಿಗೆ ತಕ್ಕ ಹಾಗೆ ಬದಲಾಯಿಸಿದ ಡೋಸ್ ಬಂತಲ್ಲ, ಅದು ತಗೊಂಡ್ರೆ ಸರಿ ಹೋಗುತ್ತಾ?

ಡಾಕ್ಟರ್: ಇಲ್ಲಿ ತಜ್ಞರೊಳಗೇ ಜಗಳ ಇದೆ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. 2022ರ ಜೂನ್ 28ಕ್ಕೆ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಎಫ್‌ಡಿಎಯ ಸಲಹಾ ಸಮಿತಿ ಒಮಿಕ್ರಾನ್ ಅಂಶ ಸೇರಿಸೋದಕ್ಕೆ 19-2 ಮತದಿಂದ ಒಪ್ಪಿತು, ಬೇಡ ಅಂದ ಇಬ್ಬರಲ್ಲಿ ಒಬ್ರು ಪಾಲ್ ಆಫಿಟ್, ರೋಟಾವೈರಸ್ ಲಸಿಕೆ ಕಂಡುಹಿಡಿದವ್ರಲ್ಲಿ ಒಬ್ರು, ಲಸಿಕೆ ವಿರೋಧಿ ಅಂತ ಅವ್ರನ್ನ ಯಾರೂ ಕರೆಯೋಕೆ ಆಗಲ್ಲ. ಆ ಸಭೆಯಲ್ಲಿ ಒಮಿಕ್ರಾನಿನ ಉಪತಳಿಗಳಾದ ಬಿಎ.4, ಬಿಎ.5 ಡೋಸಿಗೆ ಫೈಜರ್ ತೋರಿಸಿದ್ದು ಎಂಟು ಇಲಿಗಳ ಡೇಟಾ. ಎಂಟು ಇಲಿ ಅನ್ನೋದು ಜೋಕೇ ಆಗಿಹೋಯ್ತು, ಅದಕ್ಕಿಂತ ಸ್ವಲ್ಪ ಹಳೇ ಬಿಎ.1 ಡೋಸಿಗೆ ಮನುಷ್ಯರ ಡೇಟಾ ಇತ್ತು ಅನ್ನೋದು ಜೋಕಲ್ಲಿ ಬಿಟ್ಟುಹೋಗುತ್ತೆ. ಆಮೇಲೆ ಎರಡು ಸಣ್ಣ ಅಧ್ಯಯನದಲ್ಲಿ ಹೊಸ ಬೂಸ್ಟರ್ ಹಳೇದಕ್ಕಿಂತ ಅಂಥಾ ಹೆಚ್ಚಿನ ಆಂಟಿಬಾಡಿ ಕೊಡ್ಲಿಲ್ಲ. ಒಂದು ಕಾರಣ, ಮೈ ಮೊದಲು ಕಲಿತ ಪಾಠವನ್ನೇ ಮತ್ತೆ ಮತ್ತೆ ಒಪ್ಪಿಸುತ್ತೆ, ಅರ್ಧ ಹಳೇದು ಅರ್ಧ ಹೊಸದು ಕೊಟ್ರೆ ಹಳೇದನ್ನೇ ಎತ್ಕೊಳ್ಳುತ್ತೆ. 2023ರ ಡೋಸಲ್ಲಿ ಮೂಲ ತಳಿಯನ್ನ ಕೈಬಿಟ್ಟು ಬರೀ ಎಕ್ಸ್‌ಬಿಬಿ.1.5 ಅನ್ನೋ ಒಮಿಕ್ರಾನಿನ ಇನ್ನೊಂದು ಉಪತಳಿ ಹಾಕಿದ್ದು ಅದಕ್ಕೇ, 2024ಕ್ಕೆ ಜೆಎನ್.1 ಗುಂಪಿಗೆ ಹೋದ್ರು. ಫ್ಲೂ ಲಸಿಕೆಗೆ ಪ್ರತಿ ವರ್ಷ ಹಿಂಗೇ ಮಾಡ್ತಾರೆ, ಅದ್ಯಾಕೆ ಪ್ರತಿ ಸಲ ಬದಲಾಯಿಸ್ತೀರಿ ಅಂತ ಯಾರೂ ಜಗಳ ಆಡಲ್ಲ ನೋಡಿ.

ಈಗ ನಿಮ್ಮ ವಿಷಯ. ಆರೋಗ್ಯವಾಗಿರೋ 44, ಮೂರು ಡೋಸ್, ಎರಡು ಸೋಂಕು, ನಿಮಗೆ ವರ್ಷ ವರ್ಷ ಹಾಕಿಸ್ಕೊಳ್ಳಿ ಅಂತ ನಾನು ಬೆನ್ನು ಹತ್ತಲ್ಲ. ಸಿಗೋದು ಕೆಲವು ತಿಂಗಳು ನೆಗಡಿ ಜ್ವರದಿಂದ ಸ್ವಲ್ಪ ತಪ್ಪಿಸ್ಕೊಳ್ಳೋದು, ಬೇಕು ಅನ್ಸಿದ್ರೆ ತಗೊಳ್ಳಿ. ಅಪ್ಪನ ಲೆಕ್ಕ ಬೇರೆ. 76, ಶುಗರ್. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2023ರ ಮಾರ್ಚಲ್ಲಿ ಹೆಚ್ಚು ಅಪಾಯದ ಗುಂಪಿಗೆ ಆರು ಇಲ್ಲ ಹನ್ನೆರಡು ತಿಂಗಳಿಗೆ ಮತ್ತೊಂದು ಡೋಸ್ ಅಂದಿದ್ದು ಇಂಥವ್ರಿಗೇ. ಕೊನೇ ಡೋಸ್ ಯಾವಾಗ ಆಗಿದ್ದು?

ಪ್ರಶ್ನೆ: ಎರಡನೇದೇ ಕೊನೇದು ಮೇಡಂ, 2021ರಲ್ಲಿ. ಆಮೇಲೆ ಅವ್ರು "ನಂಗೆ ಬಂದೇ ಇಲ್ಲ, ಯಾಕೆ ಬೇಕು" ಅಂತ ಕೂತುಬಿಟ್ರು.

ಡಾಕ್ಟರ್: ಲಕ್ಷಣ ಇಲ್ದೆ ಬಂದು ಹೋಗಿರ್ಬೋದು, ಅದು ಬೇರೆ. ಶುಗರ್ ನೋಡೋ ಡಾಕ್ಟರ್ ಹತ್ರ ಹೋದಾಗ ಹಳೇ ಡೋಸಿನ ತಾರೀಕು, ಈಗ ತಗೊಳ್ತಿರೋ ಮಾತ್ರೆ ಎರಡೂ ಬರ್ಕೊಂಡು ಹೋಗಿ, ಹಿಂದಿನ ಡೋಸಲ್ಲಿ ಅಲರ್ಜಿ ಏನಾದ್ರೂ ಆಗಿದ್ರೆ ಅದನ್ನ ಮೊದಲು ಹೇಳಿ. ಈಗ ಸಿಗೋ ಡೋಸ್ ಯಾವ ತಳಿಗೆ ಮಾಡಿದ್ದು ಅಂತ ಕೇಳಿ. ಬೈಕೊಂಡ್ರೂ ಪರವಾಗಿಲ್ಲ, ಕೇಳಿ.

ಪ್ರಶ್ನೆ: ಡಾಕ್ಟರ್ ಬೈಯಲ್ಲ ಮೇಡಂ, ಅಪ್ಪನೇ ಬೈಯೋದು. ಈ ಥ್ರೆಡ್ ಅವ್ರಿಗೆ ಓದಿ ಹೇಳ್ತೀನಿ.