ಮಂಡಿನೋವಿನ ಅಮ್ಮ, ಆರು ವರ್ಷದ ಮಗಳು, ಕೆರೆ ಇರುವ ದೊಡ್ಡ ಪಾರ್ಕು: ಸುತ್ತು ಹಾಕೋದಾ, ದೋಣಿ ಹತ್ತೋದಾ?

ಹೊಸಬ:
ಪಾರ್ಕಿನೊಳಗಿನ ಕೆರೆಯ ಸುತ್ತಳತೆ ಸುಮಾರು 3 ಕಿ.ಮೀ. ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಹೊರಡಬೇಕು. ಪೂರ್ತಿ ಸುತ್ತು ಹಾಕಲು ಆಗುತ್ತಾ? ಅಮ್ಮನಿಗೆ ಪೆಡಲ್ ದೋಣಿ ಸರಿಹೋಗುತ್ತಾ? ಮಗಳಿಗೆ ಹಕ್ಕಿ ನೋಡೋ ಹುಚ್ಚು.

ಏರಿದಾರಿ:
ಪೂರ್ತಿ ಸುತ್ತು ಬೇಡ. ಕೆರೆ ದಾರಿಗೆ ಅಡ್ಡದಾರಿ ಇರೋದಿಲ್ಲ. ಅರ್ಧ ಸುತ್ತಿನಲ್ಲಿ ಅಮ್ಮ ಸುಸ್ತಾದರೆ, ಮುಂದೆ ಹೋದರೂ ಹಿಂದೆ ಬಂದರೂ ಇನ್ನೂ 1.5 ಕಿ.ಮೀ. ನಡೆಯಲೇಬೇಕು. ಇಬ್ಬರನ್ನೂ ಕರೆದುಕೊಂಡು ಹೋಗುವಾಗ ಗಂಟೆಗೆ 2 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ, ಕೂರೋದು ಬೇರೆ. ಒಂದೇ ದಡದಲ್ಲಿ 600 ಮೀಟರ್ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ.

ಬೆಳಗ್ಗೆಯಾದರೆ ಪೂರ್ವದ ದಡ ಹಿಡಿಯಿರಿ. ಬಿಸಿಲು ಬೆನ್ನಿಗೆ ಬೀಳುತ್ತೆ, ನೀರಿನ ಮೇಲಿನ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತೆ. ಎದುರಿನ ದಡದಿಂದ ನೋಡಿದರೆ ಅದೇ ಹಕ್ಕಿ ಬರೀ ಕಪ್ಪು ನೆರಳು, ಮೇಲೆ ನೀರಿನ ಝಳಪು ಬೇರೆ. ಸಂಜೆಗೆ ಇದು ತಿರುಗುಮುರುಗು. ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಮಸೂರ 42 ಮಿ.ಮೀ.) ಸಾಕು. ಅದಕ್ಕಿಂತ ಹೆಚ್ಚು ವರ್ಧನೆ ಇದ್ದರೆ ಮಗುವಿನ ಕೈ ನಡುಕಕ್ಕೆ ಚಿತ್ರ ನಿಲ್ಲೋದಿಲ್ಲ. ಮೊದಲು ನೀರುಕಾಗೆ ತೋರಿಸಿ. ರೆಕ್ಕೆ ನೆನೆಯೋದರಿಂದ ಮುಳುಗಿ ಎದ್ದಮೇಲೆ ಅದನ್ನು ಬಿಚ್ಚಿಕೊಂಡು ಒಣಗಿಸುತ್ತಾ ಒಂದೇ ಕಡೆ ಕೂರುತ್ತೆ, ಹುಡುಕೋ ಕಷ್ಟ ಇಲ್ಲ.

ಮುಖ್ಯ ಗೇಟೇ ಹತ್ತಿರ ಅಂತ ಅಂದುಕೊಳ್ಳಬೇಡಿ. ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಯಾವ ಗೇಟಿನಿಂದ ದಡ ಹತ್ತಿರ, ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ಹುಟ್ಟುಗೋಲು:
ದೋಣಿ ವಿಷಯ. ಮಂಡಿಗೆ ತೊಂದರೆ ಪೆಡಲಿನಿಂದಲ್ಲ, ನಾಲ್ಕು ಸೀಟಿನ ದೋಣಿಯಲ್ಲಿ ಹಿಂದೆ ಕೂತವರು ತುಳಿಯಬೇಕಾಗಿಲ್ಲ. ಕಷ್ಟ ಇರೋದು ಕಟ್ಟೆಯಿಂದ ದೋಣಿಗೆ ಇಳಿಯುವಾಗ, ಆಮೇಲೆ ತಗ್ಗು ಸೀಟಿನಿಂದ ಏಳುವಾಗ. ಕಟ್ಟೆಗೂ ದೋಣಿಗೂ ಒಂದು ಗೇಣಿಗಿಂತ ಹೆಚ್ಚು ಎತ್ತರದ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ. ಹತ್ತುವಾಗ ಕಾಲನ್ನು ಅಂಚಿನ ಮೇಲಲ್ಲ, ದೋಣಿಯ ನಡುವಿಗೆ ಇಡಬೇಕು. ನಡುನೀರಿನಲ್ಲಿ ಸೀಟು ಬದಲಾಯಿಸೋಕೆ ಯಾರೂ ಏಳಬಾರದು.

ಮಗಳ ಲೈಫ್ ಜಾಕೆಟ್ ಮೇಲಿನ ಪಟ್ಟಿಯಲ್ಲಿ ಬರೆದ ತೂಕ ಅವಳ ತೂಕಕ್ಕೆ ಹೊಂದಬೇಕು, ವಯಸ್ಸು ನೋಡಿ ಕೊಟ್ಟರೆ ತಗೋಬೇಡಿ. ಬಕಲ್ ಎಲ್ಲಾ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ. ಜಾಕೆಟ್ ಗಲ್ಲ ದಾಟಿ ಬಂದರೆ ಅದು ಸಡಿಲ. ನೀರಿಗೆ ಬಿದ್ದರೆ ಮಗು ಕೆಳಗೆ ಜಾರಿ, ಜಾಕೆಟ್ ಮೇಲುಳಿಯುತ್ತೆ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಸುಸ್ತಾದ ಹೊತ್ತಿಗೆ ಗಾಳಿಯೇ ವಾಪಸ್ ತಳ್ಳುತ್ತೆ. ಮೊದಲೇ ಗಾಳಿಯ ಜೊತೆ ಹೋದವರು ಬಾಡಿಗೆ ಹೊತ್ತು ಮುಗಿದರೂ ದಡ ಸೇರಿರೋದಿಲ್ಲ.

ಹೊಸಬ:
ದಡದಲ್ಲಿ ಹಸಿರು ಕೆನೆ ಕಟ್ಟಿದೆಯಂತೆ. ಪರವಾಗಿಲ್ವಾ? ಬಾತುಗಳಿಗೆ ಬ್ರೆಡ್ ಹಾಕಬಹುದಾ?

ಪಾಚಿಗಣ್ಣು:
ಕೋಲಿನಿಂದ ಎತ್ತಿ ನೋಡಿ, ಕೈ ಹಾಕಬೇಡಿ. ಕೂದಲಿನಂಥ ಎಳೆಗಳು ಜೋತುಬಿದ್ದರೆ ಸಾಮಾನ್ಯ ಪಾಚಿ. ಬಣ್ಣದ ಡಬ್ಬಿಯಲ್ಲಿ ಅದ್ದಿದ ಹಾಗೆ ಕೋಲಿಗೆ ಮೆತ್ತಿಕೊಂಡರೆ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ ಅಂತ ಕರೆಯೋ ಬ್ಯಾಕ್ಟೀರಿಯಾ) ಇರುವ ಸಾಧ್ಯತೆ ಹೆಚ್ಚು; ಅದರ ಕೆಲವು ಬಗೆಗಳು ವಿಷ ಬಿಡುತ್ತವೆ. ಗಾಳಿ ಅದನ್ನು ಒಂದೇ ದಡಕ್ಕೆ ತಳ್ಳಿ ದಪ್ಪ ಮಾಡುತ್ತೆ, ದೋಣಿಕಟ್ಟೆ ಆ ಕಡೆಯೇ ಇದ್ದರೆ ಅವತ್ತು ದೋಣಿ ಬೇಡ. ಮೈಗೆ ತಾಕಿದರೆ ಬೇಗ ಶುದ್ಧ ನೀರಿನಲ್ಲಿ ತೊಳೆಯಿರಿ.

ಬ್ರೆಡ್ ಬೇಡ. ಬಾತಿನ ಹೊಟ್ಟೆ ತುಂಬುತ್ತೆ, ಪೋಷಣೆ ಸಿಗೋದಿಲ್ಲ. ಉಳಿದದ್ದು ಕೊಳೆತು ಇದೇ ಪಾಚಿಗೆ ಗೊಬ್ಬರ.

ನೆರಳು_ಬೇಕು:
ಪೂರ್ವದ ದಡದಲ್ಲಿ ನೆರಳು ಇದ್ದೇ ಇರುತ್ತೆ ಅಂತ ನಂಬಿ ಹೋಗಬೇಡಿ. ಮರಗಳು ದಾರಿಯ ಹೊರಬದಿಗೆ ಇದ್ದರೆ ಮಾತ್ರ ಬೆಳಗಿನ ನೆರಳು ದಾರಿ ಮೇಲೆ ಬೀಳುತ್ತೆ. ದಾರಿಗೂ ನೀರಿಗೂ ನಡುವೆ ಇದ್ದರೆ ನೆರಳೆಲ್ಲಾ ಕೆರೆಗೆ. ಆಗ ಅಮ್ಮನಿಗೆ ಕೊಡೆ ಇಟ್ಟುಕೊಳ್ಳಿ.