2 ಇಂಚು ಲಿಫ್ಟ್ ಆದ ಮೇಲೂ ಮುಂದಿನ ಟೈರ್ ಉಜ್ಜುತ್ತಿದೆ, ತಲೆ ಕೆಟ್ಟುಹೋಗಿದೆ

ಧೂಳಿಪಟ: ಪಿಕಪ್‌ಗೆ 285/70 ಆರ್17 ಟೈರ್ ಹಾಕಿಸಿದೆ. ಮೊದಲು ಇದ್ದದ್ದು 265/65 ಆರ್17. ಗಾಡಿ ಎತ್ತರಿಸೋಕೆ ಮುಂದೆ ಸಸ್ಪೆನ್ಷನ್‌ಗೆ ಸ್ಪೇಸರ್, ಹಿಂದೆ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬ್ಲಾಕ್ ಇಟ್ಟು, 2 ಇಂಚು ಲಿಫ್ಟ್ ಕೂಡ ಆಯಿತು. "ಇಷ್ಟು ಸಾಕು, ಎಲ್ಲೂ ತಾಗಲ್ಲ" ಅಂದಿದ್ದರು ಹಾಕಿಕೊಟ್ಟವರು. ಎಲ್ಲಿ! ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ರಿವರ್ಸ್ ತೆಗೆದರೆ ಎಡಗಡೆ ಗರ್ರ್ ಅನ್ನುತ್ತೆ. ಚಕ್ರದ ಗೂಡಿನೊಳಗಿನ ಲೈನರ್‌ನ ಹಿಂದಿನ ಕೆಳಮೂಲೆಯಲ್ಲಿ ಅಂಗೈ ಅಗಲ ಪ್ಲಾಸ್ಟಿಕ್ ಸವೆದು ಹೊಳೆಯುತ್ತಿದೆ. ಒಂದು ಕ್ಲಿಪ್ ಕಿತ್ತು ನೇತಾಡುತ್ತಿದೆ. ಸುರಿಯಬೇಕಾದ ದುಡ್ಡೆಲ್ಲ ಸುರಿದಾಯಿತು. ಈಗೇನು ಮಾಡಲಿ?

ಬೆಟ್ಟದಹಾದಿ: ಲಿಫ್ಟ್ ಸಾಲದು ಸರ್. 4 ಇಂಚು ಮಾಡಿಸಿ, ಮುಗೀತು.

ನಟ್ಟುಬೋಲ್ಟು: ಹೊಸ ಟೈರ್ ವ್ಯಾಸದಲ್ಲಿ ಸುಮಾರು 54 ಮಿಮೀ ದೊಡ್ಡದು, ಅಗಲದಲ್ಲಿ 20 ಮಿಮೀ. ಹಳ್ಳಕ್ಕೆ ಇಳಿದಾಗ ಮಾತ್ರ ತಾಗುತ್ತಾ, ಸಮ ನೆಲದಲ್ಲೂ ತಾಗುತ್ತಾ?

ಧೂಳಿಪಟ: ಸಮ ನೆಲದಲ್ಲೇ. ಪಾರ್ಕಿಂಗ್‌ನಿಂದ ತೆಗೆಯುವಾಗ ದಿನಾ ಇದೇ ಗೋಳು.

ಬೆಟ್ಟದಹಾದಿ: ಹಾಗಾದರೆ 4 ಇಂಚೇ. ಎತ್ತಿದಷ್ಟೂ ಜಾಗ.

ನಟ್ಟುಬೋಲ್ಟು: ಎತ್ತಿದರೆ ಜಾಗ ಸಿಗೋದು ಟೈರ್ ಮೇಲೆ. ಇವರಿಗೆ ತಾಗುತ್ತಿರೋದು ಹಿಂದೆ. ಸಸ್ಪೆನ್ಷನ್ ಕುಗ್ಗಿದಾಗ ಫೆಂಡರ್‌ಗೆ ಬಡಿಯದಿರಲಿ ಅಂತ ಲಿಫ್ಟ್ ಮಾಡೋದು. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದರೆ ಬರೀ ಸ್ಪೇಸರ್ ಪೇರಿಸಿ 4 ಇಂಚು ಎತ್ತಬೇಡಿ. ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಸಿವಿ ಜಾಯಿಂಟ್‌ಗಳ ಕೋನ ಕೆಟ್ಟು ಅವುಗಳ ರಬ್ಬರ್ ಬೂಟ್ ಹರಿಯುತ್ತೆ.

ಸ್ಪ್ರಿಂಗ್‌ಪ್ರಿಯ: ಅದಿರಲಿ, ಹಿಂದೆ ಬ್ಲಾಕ್ ಯಾಕೆ? ಜೋರಾಗಿ ಎಕ್ಸಿಲರೇಟರ್ ಒತ್ತಿದರೆ ಆಕ್ಸಲ್ ತಿರುಚಿಕೊಂಡು ಲೀಫ್‌ಗಳು ಎಸ್ ಥರ ಬಗ್ಗುತ್ತವೆ. ಒಂದು ಲೀಫ್ ಸೇರಿಸಿದ್ದರೆ ಆಗುತ್ತಿತ್ತು.

ಬೆಟ್ಟದಹಾದಿ: ಲೀಫ್ ಸೇರಿಸಿದರೆ ಖಾಲಿ ಗಾಡಿ ಕುದುರೆ ಹಾಗೆ ಎಗರುತ್ತೆ. ಬ್ಲಾಕ್ ಹಾಕಿದರೆ ಸ್ಪ್ರಿಂಗ್ ಮೊದಲಿನಷ್ಟೇ ಮೆದುವಾಗಿರುತ್ತೆ. ಫ್ಯಾಕ್ಟರಿಯಿಂದಲೇ ಬ್ಲಾಕ್ ಜೊತೆ ಬರುವ ಪಿಕಪ್‌ಗಳಿವೆ, ಗೊತ್ತಲ್ವಾ?

ಸ್ಪ್ರಿಂಗ್‌ಪ್ರಿಯ: ಇವೆ. ಅವು ಆ ಗಾಡಿಗೆ ಅಂತಲೇ ಲೆಕ್ಕ ಹಾಕಿ ಮಾಡಿದ್ದು. ಒಂದರ ಮೇಲೊಂದು ಪೇರಿಸಿದ ಬ್ಲಾಕ್ ನೋಡಿದ್ದೀನಿ, ದೇವರೇ ಗತಿ.

ನಟ್ಟುಬೋಲ್ಟು: ಹಿಂದಿನ ಬ್ಲಾಕ್ ಜಗಳ ಆಮೇಲೆ ಆಡಿ. ಧೂಳಿಪಟ ಅವರೇ, ರಿಮ್ ಹಳೆಯದೇ ತಾನೇ? ಅಲೈನ್‌ಮೆಂಟ್ ಆಗಿದೆಯಾ?

ಧೂಳಿಪಟ: ರಿಮ್ ಹೊಸದು. ಅಷ್ಟು ದೊಡ್ಡ ಟೈರನ್ನ ಹಳೇ ರಿಮ್‌ಗೆ ಯಾರು ಹಾಕ್ತಾರೆ? ಹಳೆಯದರಲ್ಲಿ ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿಮೀ ಹೊರಗಿದೆ ಅನ್ನೋ ಲೆಕ್ಕ) +30, ಇದರಲ್ಲಿ 0. ಅಲೈನ್‌ಮೆಂಟ್ ಇನ್ನೂ ಇಲ್ಲ. ಗಾಡಿ ಯಾವ ಕಡೆಗೂ ಎಳೆಯುತ್ತಿಲ್ಲ. ಹೆದ್ದಾರಿಯಲ್ಲಿ ಸ್ಟೀರಿಂಗ್ ಸ್ವಲ್ಪ ತೇಲಿದ ಹಾಗೆ ಅನಿಸುತ್ತೆ, ಅದು ಟೈರ್ ದೊಡ್ಡದಾಗಿದ್ದಕ್ಕೆ ಇರಬೇಕು.

ನಟ್ಟುಬೋಲ್ಟು: ಇದನ್ನ ಮೊದಲೇ ಹೇಳಬಾರದಿತ್ತಾ! ಆಫ್‌ಸೆಟ್ 0 ಅಂದರೆ ಚಕ್ರ 30 ಮಿಮೀ ಹೊರಗೆ ಬಂದಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗೋದು ಮೇಲಿನ, ಕೆಳಗಿನ ಬಾಲ್ ಜಾಯಿಂಟ್‌ಗಳನ್ನ ಸೇರಿಸೋ ಗೆರೆಯ ಸುತ್ತ. ಆ ಗೆರೆಯಿಂದ ಎಷ್ಟು ದೂರ ಇದೆಯೋ ಅಷ್ಟು ದೊಡ್ಡ ಸುತ್ತು ಹಾಕುತ್ತೆ. ಎಡಕ್ಕೆ ತಿರುಗಿಸಿದಾಗ ಎಡಗಡೆ ಚಕ್ರ ಹಿಂದಕ್ಕೆ ಸರಿಯುತ್ತೆ. ಅಲ್ಲೇ ಲೈನರ್, ಅದರ ಹಿಂದೆ ಬಾಡಿ ಮೌಂಟ್, ಅಂದರೆ ಬಾಡಿಯನ್ನ ಚಾಸಿಗೆ ಕೂರಿಸುವ ಲೋಹದ ಬ್ರಾಕೆಟ್. ಜೊತೆಗೆ ಲಿಫ್ಟ್ ಮಾಡಿದಾಗ ಕ್ಯಾಸ್ಟರ್ (ಆ ಗೆರೆ ಹಿಂದಕ್ಕೆ ವಾಲಿರೋ ಕೋನ) ಕಡಿಮೆಯಾಗಿ ಚಕ್ರ ಇನ್ನಷ್ಟು ಹಿಂದೆ ಹೋಗಿರುತ್ತೆ. ಆ ತೇಲಾಟವೂ ಬಹುಶಃ ಅದರಿಂದಲೇ. ಟೈರ್ ಅಂಚಿಗೆ ಸೀಮೆಸುಣ್ಣ ಬಳಿದು ನಿಧಾನ ತಿರುಗಿಸಿ. ಗುರುತು ಲೈನರ್ ಮೇಲೆ ಮಾತ್ರ ಮೂಡುತ್ತೋ, ಲೋಹದ ಮೇಲೂ ಮೂಡುತ್ತೋ ನೋಡಿ.

ಮೂವತ್ತೈದಿಂಚು: ನನ್ನದು 35 ಇಂಚು ಟೈರ್, ರಿಸರ್ವಾಯರ್ ಶಾಕ್, ಉದ್ದ ಆರ್ಮ್‌ಗಳು, ಡಿಫರೆನ್ಷಿಯಲ್‌ನಲ್ಲಿ 4.88 ಗೇರ್. ಬಾಡಿ ಮೌಂಟ್ ಕೊಯ್ದು ಬೆಸುಗೆ ಹಾಕಿಸಿದೆ. ಎಲ್ಲೂ ತಾಗಲ್ಲ. ಫೋಟೋ ಹಾಕಲಾ?

ಬೆಟ್ಟದಹಾದಿ: ಹಾಕಿ ಹಾಕಿ! ಲಿಫ್ಟ್ ಎಷ್ಟು?

ಧೂಳಿಪಟ: ಅಲೈನ್‌ಮೆಂಟ್ ಮಾಡಿಸಿದೆ. ಕ್ಯಾಸ್ಟರ್ ಎಡ ಚಕ್ರದಲ್ಲಿ 1.2 ಡಿಗ್ರಿ, ಬಲ ಚಕ್ರದಲ್ಲಿ 1.6 ಇತ್ತು. ಪೂರ್ತಿ ಎಳೆದರೂ 2.1 ದಾಟಲಿಲ್ಲ. ಸ್ಟೀರಿಂಗ್ ಈಗ ಎಷ್ಟೋ ವಾಸಿ. ಸುಣ್ಣದ ಗುರುತು ಲೈನರ್ ಮೇಲೆ ಮಾತ್ರ. ಕೊನೆಯ ಕಾಲು ಸುತ್ತಿನಲ್ಲಿ ಇನ್ನೂ ಸವರುತ್ತೆ. ಮುಂದೆ ಅಪ್ಪರ್ ಆರ್ಮ್ (ಚಕ್ರವನ್ನ ಮೇಲಿಂದ ಹಿಡಿದಿರೋ ಸಸ್ಪೆನ್ಷನ್ ತೋಳು) ಬದಲಿಸಲಾ, ರಿಮ್ ವಾಪಸ್ ಮಾಡಲಾ?

ನಟ್ಟುಬೋಲ್ಟು: ಹಳೇ ರಿಮ್ ಒಂದನ್ನ ಹಾಕಿ ನೋಡಿ, ಒಳಗಡೆ ಅಪ್ಪರ್ ಆರ್ಮ್‌ಗೆ ತಾಗಲ್ಲ ಅಂದರೆ ಅದೇ ಸಾಕು. ತಾಗಿದರೆ ಎರಡರ ನಡುವಿನ ಆಫ್‌ಸೆಟ್ ಹುಡುಕಿ. ಹಾಂ, ಟೈರ್ ದೊಡ್ಡದಾಗಿರೋದರಿಂದ ಸ್ಪೀಡ್ ಮೀಟರ್ 100 ತೋರಿಸಿದಾಗ ನೀವು 107ರ ಹತ್ತಿರ ಹೋಗುತ್ತಿರುತ್ತೀರಿ.

ಸ್ಪ್ರಿಂಗ್‌ಪ್ರಿಯ: ಬ್ಲಾಕ್ ತೆಗೆಸಿದಿರಾ?

ಮೂವತ್ತೈದಿಂಚು: ಫೋಟೋ ಅಪ್‌ಲೋಡ್ ಆಗ್ತಿಲ್ಲ. ಸೈಜ್ ಕಡಿಮೆ ಮಾಡೋದು ಹೇಗೆ ಯಾರಾದ್ರೂ ಹೇಳಿ. ಲಿಫ್ಟ್ 6 ಇಂಚು.

ಬೆಟ್ಟದಹಾದಿ: ಸೂಪರ್ ಗುರುಗಳೇ. ಸ್ಟೆಪ್ನಿ ಕೆಳಗೇ ಹಿಡಿಯುತ್ತಾ, ಬೆಡ್‌ನಲ್ಲಿ ಇಟ್ಟಿದ್ದೀರಾ?