ಚಳ್ಳಕೆರೆ ಕಡೆಯ ಮಾಳಿಗೆ ಮನೆ, ಕೈಲಿರೋದು ಎರಡೂವರೆ ಲಕ್ಷ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ದಾವಣಗೆರೆಯಿಂದ

ಚಳ್ಳಕೆರೆ ತಾಲೂಕಿನ ಒಂದು ಹಳ್ಳಿಯಲ್ಲಿ ತಾತನ ಕಾಲದ ಮಾಳಿಗೆ ಮನೆ ಇದೆ, ಅಂದ್ರೆ ಮರದ ಜಂತೆ ಮೇಲೆ ಸೊಪ್ಪು, ಮಣ್ಣು ಹಾಸಿದ ಚಾವಣಿ. ಅಪ್ಪ ಹೋದಮೇಲೆ ಬೀಗ ಹಾಕಿ ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದೆ. ಈಗ ಅಮ್ಮಂದು ಒಂದೇ ಹಠ, "ಈ ಮೆಟ್ಟಿಲು ಹತ್ತೋ ಮನೆ ಸಾಕು, ನನ್ನ ಊರಿಗೆ ಬಿಡು" ಅಂತ. ಬಿಡೋಣ ಅಂದ್ರೆ ಮನೆ ಆ ಸ್ಥಿತಿಯಲ್ಲಿಲ್ಲ.

ಪಡಸಾಲೆ, ಒಂದು ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಗೋಡೆ ಕಲ್ಲು ಮಣ್ಣಿಂದು, ಎರಡಡಿ ದಪ್ಪ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ಮಳೆಗೆ ಅಡಿಗೆಮನೆ ಮೂಲೆ ಸೋರೋಕೆ ಶುರುವಾಗಿದ್ದು. ಈಗ ಅಲ್ಲಿ ಎರಡು ಜಂತೆ ಬಾಗಿವೆ, ಕೆಳಗೆ ನಿಂತರೆ ಆ ಬಂದ್ರೆ ಗಿಡದ ಸೊಪ್ಪಿನ ಪುಡಿ ತಲೆ ಮೇಲೆ ಉದುರುತ್ತೆ. ಅಪ್ಪ ಆಸೆಪಟ್ಟು ಮಾಡಿಸಿದ್ದ ಸಿಮೆಂಟ್ ಪ್ಲಾಸ್ಟರ್ ನೆಲದಿಂದ ಮೂರಡಿವರೆಗೆ ಹಪ್ಪಳ ಎದ್ದಿದೆ. ಕೆರೆದರೆ ಒಳಗೆಲ್ಲ ಬಿಳಿ ಉಪ್ಪು, ಅದರ ಹಿಂದಿನ ಮಣ್ಣು ಬೇಸಿಗೆಯಲ್ಲೂ ಹಸಿ.

ಒಬ್ಬ ಮೇಸ್ತ್ರಿ "ಕೆಡವಿ ಕಟ್ಟಿ, ಹತ್ತು ಲಕ್ಷ" ಅಂದ. ಇನ್ನೊಬ್ಬ "ಮಾಳಿಗೆ ತೆಗೆದು ಅದೇ ಗೋಡೆ ಮೇಲೆ ಆರ್‌ಸಿಸಿ ಹಾಕೋಣ, ನಾಲ್ಕೂವರೆ ಸಾಕು" ಅಂತಾನೆ. ನನ್ನ ಹತ್ರ ಇರೋದು ಎರಡೂವರೆ, ಅದರಲ್ಲೂ ಐವತ್ತು ಸಾವಿರ ಸಂಘದ ಸಾಲ. ಒಂದು ರೂಪಾಯಿ ಹೆಚ್ಚು ಹುಟ್ಟಲ್ಲ. ಅಮ್ಮನಿಗೆ ಟೈಲ್ಸ್ ಬೇಡ, ಪಿಒಪಿ ಬೇಡ. ಸೋರಬಾರದು, ಮೈಮೇಲೆ ಬೀಳಬಾರದು, ರಾತ್ರಿ ಎದ್ದರೆ ಲೈಟ್ ಹತ್ತಬೇಕು. ಮಾಡಿಸಿದ ಅನುಭವ ಇರೋರು ಹೇಳಿ.

ಉತ್ತರ 1: ಹಿರಿಯೂರು, ಗಾರೆ ಕೆಲಸದವನು

ತಂಗಿ, ಒಳಗೆ ಕೈ ಹಾಕಾಕೆ ಮುಂಚೆ ಮನೆ ಸುತ್ತ ಒಂದು ಸುತ್ತು ಬಾ. ಬೀದಿಗೆ ಸಿಸಿ ರೋಡ್ ಆಗೈತಾ? ಆಗಿದ್ರೆ ರೋಡು ನಿಮ್ಮ ಹೊಸ್ತಿಲಿಗಿಂತ ಮೇಲಿರ್ತೈತೆ. ನಮ್ಮ ಕಡೆ ಅರ್ಧ ಹಳೇ ಮನೆ ಹಾಳಾಗ್ತಿರೋದೇ ಹಂಗೆ. ಒಂದರ ಮೇಲೊಂದು ರೋಡು ಏರ್ತು, ಮನೆ ತಗ್ಗಿಗೆ ಬಿತ್ತು, ಮಳೆ ನೀರೆಲ್ಲ ಗೋಡೆ ಬುಡಕ್ಕೆ. ಕಲ್ಲು ಮಣ್ಣಿನ ಗೋಡೆ ಆ ನೀರು ಹೀರ್ತೈತೆ. ಮೊದಲು ಅದು ಹೊರಗಡೆಯಿಂದ ಆರಿ ಹೋಗ್ತಿತ್ತು. ಸಿಮೆಂಟ್ ಬಳಿದ ಮೇಲೆ ಆರಾಕೆ ದಾರಿ ಇಲ್ಲ, ಒಳಗೇ ಮೇಲಕ್ಕೆ ಹತ್ತಿ ಉಪ್ಪು ಬಿಡ್ತೈತೆ. ಅದರ ಮೇಲೆ ಇನ್ನೊಂದು ಕೋಟ್ ಸಿಮೆಂಟ್ ಹಾಕಿದ್ರೆ ಮುಂದಿನ ಸಲ ಐದಡಿಗೆ ಹತ್ತತೈತೆ.

ಅದಕ್ಕೆ ಮೊದಲ ಖರ್ಚು ಗೋಡೆ ಬುಡದ ಮಣ್ಣು ತೆಗೆದು ನೀರು ಆಚೆ ಹೋಗೋ ಹಂಗೆ ಇಳಿಜಾರು ಮಾಡ್ಸಾಕೆ. ಆಮೇಲೆ ಒಳಗೂ ಹೊರಗೂ ಸಿಮೆಂಟ್ ಕಿತ್ತು ಒಂದು ಬೇಸಿಗೆ ಬಿಸಿಲು ಕುಡಿಯಾಕೆ ಬಿಡು. ಮುಂಗಾರಿಗೆ ಮುಂಚೆ ಜರಡಿ ಹಿಡಿದ ಮಣ್ಣು, ಮರಳು, ನೆನೆಸಿದ ಸುಣ್ಣ ಕಲಸಿ ಗಿಲಾವು ಮಾಡ್ಸು, ಮೇಲೆ ಸುಣ್ಣದ ನೀರು. ಪುಟ್ಟಿ, ಎಮಲ್ಷನ್ ಅಂತ ಹೋಗಬೇಡ, ಅವೂ ಗೋಡೆ ಬಾಯಿ ಮುಚ್ಚತಾವೆ.

ಈಗ ಮಾಳಿಗೆ. ಕರ್ಲು ಮಣ್ಣು, ಅಂದ್ರೆ ಮಾಳಿಗೆಗೆ ಹಾಕೋ ಚೌಳು ಮಣ್ಣು, ನೆಂದ ತಕ್ಷಣ ಕರಗಿ ಸಂದಿ ಎಲ್ಲ ಮುಚ್ಚಿಕೊಳ್ತೈತೆ, ಅದಕ್ಕೇ ಸೋರಲ್ಲ. ಆದ್ರೆ ಅದು ಮಳೆಗೆ ಕೊಚ್ಚಿ ಹೋಗೋದರಿಂದ ಹಿರೇರು ಮಳೆಗಾಲಕ್ಕೆ ಮುಂಚೆ ಮೇಲೆ ಮೇಲೆ ಸುರೀತಾ ಬಂದ್ರು. ಕೆಲವು ಮನೆ ಮೇಲೆ ಮುಕ್ಕಾಲಡಿ, ಒಂದಡಿ ಆಗೈತೆ. ಲೆಕ್ಕ ಹಾಕು: ನೂರು ಚದರಡಿ ಮೇಲೆ ಒಂದಿಂಚು ಮಣ್ಣು ಅಂದ್ರೆ ಎಂಟು ಘನ ಅಡಿ, ಹತ್ತಿರ ಹತ್ತಿರ 400 ಕೆಜಿ. ಒಂಬತ್ತಿಂಚಿಗೆ ಮೂರೂವರೆ ಟನ್, ಅದೂ ಒಣಗಿದ್ದಾಗ. ನೆಂದರೆ ಇನ್ನೂ ಜಾಸ್ತಿ. ಜಂತೆ ಬಾಗಿರೋದು ಇದಕ್ಕೇ.

ತೊಲೆ, ಜಂತೆ ಪರೀಕ್ಷೆಗೆ ಇಂಜಿನಿಯರ್ ಬೇಕಿಲ್ಲ. ಸ್ಕ್ರೂಡ್ರೈವರ್ ತಗೊಂಡು ಗೋಡೆ ಒಳಕ್ಕೆ ಹೋಗೋ ತುದೀಲಿ ಚುಚ್ಚು, ಮೊದಲು ಕೊಳೆಯೋದೇ ಆ ತುದಿ. ಮೊನೆ ಹೋಗದಿದ್ರೆ ಮರ ಗಟ್ಟಿ. ಬೆಣ್ಣೆಗೆ ಹೋದಂಗೆ ಹೋದ್ರೆ ಬದಲಿಸು. ಅದಕ್ಕೂ ಮೊದಲು ಅಡಿಗೆಮನೆ ಜಂತೆಗೆ ಇವತ್ತೇ ಆಸರೆಗೆ ಸರ್ವೆ ಮರದ ಕಂಬ ಕೊಡ್ಸು, ಆ ಮೂಲೆಗೆ ಯಾರನ್ನೂ ಬಿಡಬೇಡ.

ಉತ್ತರ 2: ಚಿತ್ರದುರ್ಗ

ಇಷ್ಟೆಲ್ಲ ಯಾಕೆ? ಮಣ್ಣಿನ ಮನೆಗೆ ಹಾಕಿದ ದುಡ್ಡು ಮಣ್ಣಿಗೇ. ಕೆಡವಿಬಿಡಿ. ಪಿಎಂ ಆವಾಸ್ ಗ್ರಾಮೀಣದಲ್ಲಿ 1.20 ಲಕ್ಷ ಬರುತ್ತೆ. ಹಳೇ ಬಾಗಿಲು, ಕಂಬ, ತೊಲೆ ಮಾರಿದರೆ ಒಳ್ಳೇ ರೇಟು. ಚಿಕ್ಕದಾಗಿ ಆರ್‌ಸಿಸಿ ಕಟ್ಟಿಕೊಳ್ಳಿ. ಅದೇ ಗೋಡೆ ಮೇಲೆ ಆರ್‌ಸಿಸಿ ಮಾತ್ರ ಬೇಡ, ಭಾರಕ್ಕೆ ಗೋಡೆ ಕೂರುತ್ತೆ.

ಉತ್ತರ 1ರವರು ಮತ್ತೆ

ಅಣ್ಣ, ಆ ದುಡ್ಡು ಪಟ್ಟಿಯಲ್ಲಿ ಹೆಸರಿದ್ದವರಿಗೆ, ಹೊಸ ಮನೆಗೆ, ಕಂತಿನ ಮೇಲೆ. ಕೆಡವಿ ಕೂತು ಕಂತಿಗೆ ಕಾಯೋವಾಗ ಅಮ್ಮ ಎಲ್ಲಿರ್ಬೇಕು? ಭಾರದ ಮಾತೂ ಅಷ್ಟು ಸರಿ ಇಲ್ಲ. ಐದಿಂಚಿನ ಸ್ಲ್ಯಾಬ್ ನೂರು ಚದರಡಿಗೆ ಮೂರು ಟನ್ ಒಳಗೇ ಬರ್ತೈತೆ, ಈಗಿರೋ ಮಣ್ಣಿಗಿಂತ ಕಮ್ಮಿ. ನಾನು ಬೇಡ ಅನ್ನೋದು ಬೇರೆ ಕಾರಣಕ್ಕೆ: ಬುಡ ಹಸಿ ಇರೋ ಗೋಡೆ ಒಂದು ಕಡೆ ಎಳೆಯಷ್ಟು ಕುಸಿದ್ರೂ ಸ್ಲ್ಯಾಬ್ ಬಿರುಕು ಬಿಡ್ತೈತೆ. ಜಂತೆ ಮಾಳಿಗೆ ಹಂಗಲ್ಲ, ಗೋಡೆ ಜೊತೆ ಬಾಗತೈತೆ, ಬೀಳಾಕೆ ಮುಂಚೆ ತೋರಿಸ್ತೈತೆ.

ನನ್ನ ಸಲಹೆ: ಮಾಳಿಗೆ ಮಣ್ಣು ಮೂರಿಂಚಿಗೆ ಇಳಿಸು. ಇಳಿಸೋವಾಗ ಒಂದೇ ಕಡೆ ಅಗೆಯಬಾರದು, ಎರಡೂ ಕಡೆ ಸಮವಾಗಿ ಬರಬೇಕು. ಮೇಲೆ ಎರಡಡಿ ಗಾಳಿ ಆಡಾಕೆ ಜಾಗ ಬಿಟ್ಟು ಜಿಐ ಶೀಟು (ತಗಡು). ಮಳೆ ಶೀಟಿಗೆ, ತಂಪು ಮಣ್ಣಿಗೆ. ಬರೀ ಶೀಟಿನ ಮನೆ ಏಪ್ರಿಲ್‌ನಲ್ಲಿ ಒಲೆ, ನಮ್ಮ ಬಿಸಿಲು ಗೊತ್ತಲ್ಲ.

ಉತ್ತರ 3: ದಾವಣಗೆರೆ, ಎಲೆಕ್ಟ್ರಿಷಿಯನ್

ವೈರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಹಸಿ ಗೋಡೆ ಮತ್ತು ಮರದ ಪಟ್ಟಿ ಮೇಲಿನ ಹಳೇ ವೈರು, ಇದಕ್ಕಿಂತ ಅಪಾಯ ಇಲ್ಲ. ಪೂರ್ತಿ ಕಿತ್ತು ಹಾಕ್ಸಿ. ಮಣ್ಣಿನ ಗೋಡೆ ಕೊರೆದು ಪೈಪ್ ಹೂಳೋಕೆ ಹೋಗಬೇಡಿ, ಮೇಲೇ ಪಿವಿಸಿ ಕೇಸಿಂಗ್ ಸಾಕು. ಲೈಟಿಗೆ 1.5, ಪ್ಲಗ್ಗಿಗೆ 2.5 ಚದರ ಎಂಎಂ ವೈರು. ಅರ್ಥಿಂಗ್ ಹೊಸದಾಗಿ ಮಾಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಸ್ವಿಚ್) ಕಡ್ಡಾಯ. ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳೋ ಸ್ವಿಚ್) ಇದ್ದರೆ ಸಾಕು ಅನ್ನೋರ ಮಾತು ಕೇಳಬೇಡಿ. ಅದು ಉಳಿಸೋದು ವೈರನ್ನ, ಅಮ್ಮನ್ನಲ್ಲ. ಬಚ್ಚಲಿಗೆ ಹೋಗೋ ದಾರಿಗೆ ಎರಡೂ ತುದಿಯಲ್ಲಿ ಸ್ವಿಚ್ ಕೊಡ್ಸಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಮುಂದೆ ಓದಿದೆ. ಕಂಬ ಮಾರೋ ಮಾತು ಕೇಳಿ "ಅವನ್ಯಾವನು?" ಅಂದಳು, ಆ ವಿಷಯ ಅಲ್ಲಿಗೆ ಮುಗೀತು. ಸಿಸಿ ರೋಡ್ ಮಾತು ನಿಜ, ಮೊದಲು ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗ್ತಿದ್ವಿ, ಈಗ ಒಂದೇ ಉಳಿದಿದೆ. ಲೆಕ್ಕ ಹೀಗೆ ಹಾಕಿದ್ದೀನಿ: ಶೀಟು, ಪೈಪು, ಮಣ್ಣು ಇಳಿಸೋದಕ್ಕೆ 1.10 ಲಕ್ಷ, ಗೋಡೆ ಮತ್ತು ಇಳಿಜಾರಿಗೆ 60 ಸಾವಿರ, ವೈರಿಂಗ್ 35, ಜಂತೆಗೆ 20. ಮಿಕ್ಕಿದ್ದು ಕೈಯಲ್ಲಿರಲಿ. ನೆಲದ ಕಲ್ಲು ಹಾಗೇ ಇರುತ್ತೆ. ಶೀಟು ಹೊರೋ ಪೈಪನ್ನ ಗೋಡೆ ಮೇಲೇ ನಿಲ್ಲಿಸಬಹುದಾ?

ಉತ್ತರ 1ರವರು

ಬೇಡ. ಆಷಾಢದ ಗಾಳಿ ಶೀಟನ್ನ ಎತ್ತುವಾಗ ಗೋಡೆಯ ಮೇಲಿನ ಕಲ್ಲನ್ನೂ ಎತ್ತತೈತೆ. ಗೋಡೆ ಹೊರಗಡೆ ನೆಲದಿಂದಲೇ ಪೈಪು ನಿಲ್ಲಿಸು, ಗುಂಡಿಗೆ ಕಾಂಕ್ರೀಟು ಹಾಕ್ಸು. ಆ ಖರ್ಚು ಕೈಯಲ್ಲಿ ಉಳಿಸಿದ 25 ಸಾವಿರದಲ್ಲಿ ತೆಗಿ. ಶೀಟಿನ ನೀರು ಬೀದಿ ಕಡೆ ಬಿಡಬೇಡ, ರೋಡು ಎತ್ತರ ಇರೋದರಿಂದ ವಾಪಸ್ ಹೊಸ್ತಿಲಿಗೇ ಬರ್ತೈತೆ. ಹಿತ್ತಲ ಕಡೆ ಇಳಿಜಾರು ಕೊಡು, ಕೆಳಗೆ ಒಂದು ಡ್ರಮ್ ಇಡು.